ಅರ್ಧ ಮಾತ್ರೆ ಹಾಕಿದ ನೀರು

ಬೀದಿಯಲ್ಲಿ ವಾಂತಿಭೇದಿ ಶುರುವಾದಾಗ ಟೈಲರಮ್ಮ ಆರು ವರ್ಷದ ಮಗಳನ್ನು ದೂರದ ಊರಿನಲ್ಲಿದ್ದ ಅಕ್ಕನ ಮನೆಗೆ ಕಳಿಸಿದಳು. "ಎಂಟೇ ದಿನ ಪುಟ್ಟಿ" ಅಂದಿದ್ದಳು. ಎಂಟು ಹೋಗಿ ಐವತ್ತಾಯಿತು. ಮಗಳಿಗೆಂದು ಹೊಲಿದ ಹಳದಿ ಫ್ರಾಕು ಮಿಷನ್ನಿನ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಹುಡುಗಿ ಎಷ್ಟು ಬೆಳೆದಿದ್ದಾಳೋ ಏನೋ, ಅಂಚು ಮಡಚಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ದಿನಾ ಸಂಜೆ ಫೋನು. "ಅಮ್ಮ, ಯಾವಾಗ ಕರ್ಕೊಂಡ್ ಹೋಗ್ತೀಯಾ?"

"ಇನ್ನೇನು, ಬಂದ್ಬಿಡ್ತೀನಿ." ಫೋನಿಟ್ಟ ಮೇಲೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ.

ಮೊದಲು ವಾರಕ್ಕೊಮ್ಮೆ ಔಷಧಿ ವ್ಯಾನು ಬರುತ್ತಿತ್ತು. ಅದಕ್ಕೆ ದುಡ್ಡು ಕೊಡುತ್ತಿದ್ದ ಸಂಸ್ಥೆಯವರು ಕೈ ಹಿಂದೆಗೆದರು, ವ್ಯಾನು ನಿಂತಿತು. ಕೊನೆಯ ಸಲ ವ್ಯಾನಿನಲ್ಲಿ ಬಂದಿದ್ದ ನರ್ಸಕ್ಕ ನೀರು ಶುದ್ಧ ಮಾಡುವ ಮಾತ್ರೆ ಕೊಟ್ಟು, "ಒಂದು ಬಿಂದಿಗೆಗೆ ಒಂದು, ಅರ್ಧ ಗಂಟೆ ಬಿಟ್ಟು ಕುಡೀರಿ" ಎಂದಿದ್ದಳು. ನಮ್ಮ ಟೈಲರಮ್ಮ ಏನು ಸಾಮಾನ್ಯದವಳೇ? ಚೂರು ಬಟ್ಟೆಯಲ್ಲೂ ಜೇಬು ಹೊರಡಿಸುವ ಕೈ. ಮುಂದೆ ಮಾತ್ರೆ ಸಿಗುತ್ತೋ ಇಲ್ಲವೋ ಎಂದು ಕತ್ತರಿ ತೆಗೆದು ಒಂದೊಂದನ್ನೂ ಎರಡು ಹೋಳು ಮಾಡಿ, ಬಿಂದಿಗೆಗೆ ಅರ್ಧವೇ ಹಾಕಿದಳು. ತಿಂಗಳ ಮಾತ್ರೆ ಎರಡು ತಿಂಗಳಿಗೆ ಬರುತ್ತದೆಂದು ಒಳಗೊಳಗೇ ಬೀಗಿದಳು.

ಒಂದು ಬೆಳಿಗ್ಗೆ ಅತ್ತೆಗೆ ಭೇದಿ ಹಿಡಿಯಿತು. ಮಧ್ಯಾಹ್ನದೊಳಗೆ ಮುದುಕಿಯ ಕಣ್ಣು ಗುಳಿಬಿದ್ದವು. ಟೈಲರಮ್ಮ ಪಕ್ಕದ ಬೀದಿಯಲ್ಲೇ ಇದ್ದ ನರ್ಸಕ್ಕನ ಮನೆಗೆ ಓಡಿ ಅವಳನ್ನು ಕರೆತಂದಳು.

"ಆಟೋಗೆ ಹೇಳು, ಆಸ್ಪತ್ರೆಗೆ ಹೋಗೋಣ. ಅಷ್ಟರಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕು. ಚಮಚ ಗೋಪುರ ಆಗ್ಬಾರ್ದು, ಮಟ್ಟ ಮಾಡು. ಗುಟುಕು ಗುಟುಕಾಗಿ ಕುಡಿಸ್ತಾ ಇರು."

"ಸಕ್ಕರೆ ನೀರಿಂದ ಏನಾಗುತ್ತಕ್ಕ? ವ್ಯಾನ್ ಇದ್ದಿದ್ರೆ..."

"ನನಗೂ ಅದೇ ಆಸೆ ಕಣೇ. ದಿನಾ ಅದರ ಹಾರ್ನ್ ಕೇಳಿದ ಹಾಗೇ ಆಗುತ್ತೆ. ಅದು ಬರೋ ತನಕ ನಿಮ್ಮತ್ತೆ ಕಾಯ್ತಾರಾ? ಮೈಯಿಂದ ಹೋದ ನೀರು, ಉಪ್ಪನ್ನ ಇದು ತುಂಬುತ್ತೆ."

ದಾರಿಯುದ್ದಕ್ಕೂ ಕುಡಿಸಿದರು. ಎರಡು ದಿನ ಡ್ರಿಪ್ಪು ಹಾಕಿದ ಮೇಲೆ ಅತ್ತೆ ಎದ್ದು ಕೂತು, ಸೊಸೆಯ ತಲೆ ಕೆದರಿದೆ ಎಂದು ಬೈದರು. ಬದುಕಿದರು ಎಂದು ಟೈಲರಮ್ಮನಿಗೆ ಖಾತ್ರಿಯಾಯಿತು.

ಮನೆಗೆ ಬಂದ ನರ್ಸಕ್ಕನಿಗೆ ಮಾತ್ರೆಯ ಹೋಳುಗಳು ಕಂಡವು. ಬೈಯಲಿಲ್ಲ. ಮೊಳೆಯಲ್ಲಿದ್ದ ಫ್ರಾಕು ನೋಡಿದಳು. "ಇದಕ್ಕೆ ಬೇಕಾದ ಬಟ್ಟೇಲಿ ಅರ್ಧ ಕೊಟ್ರೆ ಹೊಲಿತಿದ್ಯಾ?"

"ಅರ್ಧದಲ್ಲಿ ಮೈ ಮುಚ್ಚುತ್ತಾ ಅಕ್ಕ?" ಅಂದವಳೇ ನಾಲಿಗೆ ಕಚ್ಚಿಕೊಂಡಳು.

"ಇರೋಷ್ಟು ದಿನ ಇಡೀ ಮಾತ್ರೆ ಹಾಕು. ಮುಗಿದ್ರೆ ನೀರು ಕುದಿಸಿ ಮುಚ್ಚಿಡು. ಸೋಪಲ್ಲಿ ಕೈ ತೊಳಿ."

"ನನ್ನ ಮಗಳನ್ನ ಯಾವಾಗ ಕರ್ಕೊಂಡ್ ಬರ್ಲಿ?"

"ನಿನ್ನೊಬ್ಬಳ ಮನೇಲಿ ಕುದಿಸಿದ್ರೆ ಸಾಲದು. ಬೀದಿಯವರಿಗೆಲ್ಲ ಹೇಳು, ಭೇದಿ ನಿಂತ ಮೇಲೆ ಕರ್ಕೊಂಡ್ ಬಾ."

ಟೈಲರಮ್ಮ ಮನೆಮನೆಗೆ ಹೋದಳು. ನಾಚಿಕೆ ಬಿಟ್ಟು ತನ್ನ ತಪ್ಪನ್ನೇ ಹೇಳಿದಳು. ಇನ್ನೂ ನಾಲ್ಕು ಮನೆಗಳಲ್ಲಿ ಮಾತ್ರೆಯ ಹೋಳು ಸಿಕ್ಕವು. ಒಲೆಗಳ ಮೇಲೆ ನೀರು ಕುದಿಯತೊಡಗಿತು. ತಿಂಗಳಾಯಿತು, ಬೀದಿಯಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ.

ಮಗಳು ಬಂದಳು. ಫ್ರಾಕು ತೊಡಿಸಿದರೆ, ಮಡಚದ ಅಂಚೂ ಮಂಡಿಯಿಂದ ಮೇಲೆಯೇ ನಿಂತಿತು. ಟೈಲರಮ್ಮ ನಗುತ್ತಾ ಅತ್ತುಬಿಟ್ಟಳು.

ವ್ಯಾನು ಇನ್ನೂ ಬಂದಿಲ್ಲ. ಬರಲೇಬೇಕು ಎಂದು ನಾವೆಲ್ಲ ಕೇಳುತ್ತಲೇ ಇರೋಣ. ಆದರೆ ನೀವು ಮಾತ್ರೆ ಮುರಿದು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಇಡೀ ಮಾತ್ರೆ ಹಾಕಿ, ಇಲ್ಲವೇ ಕುದಿಸಿ. ಭೇದಿಯಾದರೆ ಸಕ್ಕರೆ-ಉಪ್ಪಿನ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳು ದೂರದಲ್ಲಿ ಬೆಳೆಯುವುದು ಬೇಡ, ನಮ್ಮ ಕಣ್ಣೆದುರೇ ಬೆಳೆಯಲಿ.