ಸದ್ದಿಲ್ಲದ ಪೆಟ್ಟಿಗೆ

"ಅಕ್ಕಾ, ಈ ಪ್ಲಗ್ ಕೀಳ್ಲಾ?" ಎಂದು ಕೇಳುತ್ತಲೇ ತಮ್ಮ ಅದನ್ನು ಕಿತ್ತು, ಟೇಬಲ್ ಫ್ಯಾನಿನದನ್ನು ಸಿಕ್ಕಿಸಿಬಿಟ್ಟ. ಹಾಲ್ ತುಂಬ ಜನ. ನಡುವೆ ಮಂಚದ ಮೇಲೆ ಅವಳ ಗಂಡ, ಗದ್ದದವರೆಗೆ ಬಿಳಿ ಚಾದರ. ನಿನ್ನೆ ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ, ಇಲ್ಲೇ ಕುರ್ಚಿಯಲ್ಲಿ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಒಂದು ಕೆಮ್ಮಿಲ್ಲ, ಒಂದು ನರಳಿಕೆಯಿಲ್ಲ.

"ಅತ್ತುಬಿಡೇ, ಹೀಗೆ ಕಲ್ಲಾಗಿ ಕೂರ್ಬೇಡ," ಎಂದರು ಗಂಡನ ಅಕ್ಕ.

"ಕರೀಲೇ ಇಲ್ಲ ಅತ್ತಿಗೆ. ಗೋಡೆ ಆಚೆಗೇ ಇದ್ದೆ. ಕರೆದಿದ್ರೆ ಓಡಿ ಬರ್ತಿರಲಿಲ್ವಾ?"

ಬೆಳಿಗ್ಗೆಯಿಂದ ಬಂದವರನ್ನೆಲ್ಲ ಅವಳು ಇದನ್ನೇ ಕೇಳುತ್ತಿದ್ದಳು.

*

ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನಿಗೆ ನಿವೃತ್ತಿಯಾದ ಮೇಲೆ ಒಂದು ಹುಚ್ಚು ಹತ್ತಿತು. ಮನೆಯ ಫೋಟೋ, ಹಾಡು, ಸಿನಿಮಾ ಎಲ್ಲವನ್ನೂ ಸರ್ವರ್ ಎಂಬ ಒಂದೇ ಪೆಟ್ಟಿಗೆಗೆ ತುಂಬಿ ಟಿವಿಯಲ್ಲಿ ನೋಡಬೇಕಂತೆ! ಮೊದಲು ಯಾರದೋ ಹಳೇ ಕಂಪ್ಯೂಟರ್ ಹೊತ್ತು ತಂದ.

"ರೀ, ಇದೇನು ಹಿಟ್ಟಿನ ಗಿರಣಿನಾ?"

ಅದು ಹೋಗಿ ಇನ್ನೊಂದು ಬಂತು. ಅದರ ದೊಡ್ಡ ಡಿಸ್ಕುಗಳು ಸದಾ ಕಟಕಟ ಅನ್ನುತ್ತಿದ್ದವು.

"ಇಲಿ ಸಾಕಿದೀರಾ? ನಂಗೆ ಸದ್ದಿಲ್ಲದ್ದು ಬೇಕು. ಇಲ್ಲಾಂದ್ರೆ ಅದೂ ಆಚೆ, ನೀವೂ ಆಚೆ."

ಹಠಕ್ಕೆ ಬಿದ್ದು ಅಂಗಡಿ ಅಂಗಡಿ ತಿರುಗಿ, ಕೊನೆಗೆ ಫ್ಯಾನೇ ಇಲ್ಲದ, ಒಳಗೆ ಏನೂ ತಿರುಗದ, ಅಂಗೈಯಗಲದ ಪೆಟ್ಟಿಗೆ ತಂದ. ಅದು ಎಷ್ಟು ತೆಪ್ಪಗಿತ್ತೆಂದರೆ, ಕೆಟ್ಟುಹೋಗಿದೆ ಎಂದುಕೊಂಡು ಅವಳೇ ಸ್ವಿಚ್ ಆರಿಸಿಬಿಡುತ್ತಿದ್ದಳು.

"ಬದುಕಿದ್ಯೋ ಸತ್ತಿದ್ಯೋ, ನಂಗೆ ಹೇಗ್ರೀ ಗೊತ್ತಾಗ್ಬೇಕು?"

"ತಾಳು, ಅದೇ ಬಾಯಿಬಿಟ್ಟು ಹೇಳೋ ಹಾಗೆ ಮಾಡ್ತೀನಿ," ಎಂದು ನಕ್ಕು, ಕೂತು ಏನೋ ಮಾಡಿದ. ಆಮೇಲೆ ಅವಳು ಆ ಸ್ವಿಚ್ಚಿನ ಗೋಜಿಗೇ ಹೋಗಲಿಲ್ಲ.

*

ವ್ಯಾನ್ ಬಂತು. ತಮ್ಮ ಫ್ಯಾನ್ ಎತ್ತಿಟ್ಟು, ಮೊದಲಿದ್ದ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ನಾಲ್ವರು ಹೊರಲು ಬಗ್ಗಿದರು.

"ಎದ್ದೆ ಕಣೇ!"

ಗಂಡನ ದನಿ! ದಿನಾ ಬೆಳಿಗ್ಗೆ ಹಾಸಿಗೆಯಿಂದ ಕೂಗುತ್ತಿದ್ದ ಅದೇ ದನಿ. ಬಗ್ಗಿದವರು ಹೌಹಾರಿ ಹಿಂದೆ ಸರಿದರು. ಅತ್ತಿಗೆ ಕಿಟಾರನೆ ಕಿರುಚಿದರು.

"ಬಂದೆ ಇರ್ರೀ, ಕಾಫಿಗಿಟ್ಟೆ," ಎಂದಳು ಅವಳು. ಅಡುಗೆಮನೆಯ ಹೊಸ್ತಿಲವರೆಗೆ ಹೋಗಿಯೂಬಿಟ್ಟಿದ್ದಳು. ಅಲ್ಲಿ ಗಕ್ಕನೆ ನಿಂತಳು. ತಿರುಗಿ ನೋಡಿದರೆ ಅವನು ಮಲಗಿದಂತೆಯೇ ಮಲಗಿದ್ದ. ಟಿವಿಯ ಕೆಳಗೆ ಪೆಟ್ಟಿಗೆಯ ಹಸಿರು ದೀಪ ಹತ್ತಿಕೊಂಡಿತ್ತು.

"ಇದರ ಮನೆ ಹಾಳಾಗ!" ತಮ್ಮ ಬೆವರುತ್ತ ಪ್ಲಗ್ಗಿಗೆ ಕೈಹಾಕಿದ. "ತಪ್ಪಾಯ್ತಕ್ಕಾ, ಕಿತ್ತು ಬಿಸಾಕ್ತೀನಿ."

"ಮುಟ್ಟಿದ್ರೆ ನೋಡು!" ಎಂದು ಅವಳು ಅಬ್ಬರಿಸಿದಳು. ಆಮೇಲೆ ಕುಸಿದು ಕೂತಳು. "ಕರೆದ್ರು ಕಣೋ... ಈಗ ಕರೆದ್ರು," ಎನ್ನುತ್ತಿದ್ದಂತೆ ನಿನ್ನೆಯಿಂದ ಕಟ್ಟಿಕೊಂಡಿದ್ದ ಅಳು ಒಡೆಯಿತು.

ಸಂಜೆ ಎಲ್ಲ ಮುಗಿದು ಮನೆ ಖಾಲಿಯಾಯಿತು. ಅವಳು ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ಟಿವಿಯ ಹತ್ತಿರ ಬಂದು ಸ್ವಿಚ್ ಆರಿಸಿ, ಮತ್ತೆ ಹಾಕಿದಳು. ದೀಪ ಹತ್ತುವುದರೊಳಗೆ ಅಡುಗೆಮನೆಗೆ ಓಡಿಹೋಗಿ, ಹಾಲ್ ಕಡೆ ಬೆನ್ನು ಮಾಡಿ ನಿಂತಳು.