ಹಳಿಯ ನಾಲಿಗೆ

“ಬಂದ್ಲು ನೋಡಪ್ಪಾ ನಿನ್ ಮಹಾರಾಣಿ!” ಮೀನಿನಂಗಡಿಯ ಬಾಗಿಲಲ್ಲಿ ನಿಂತು ಮಿಸೆಸ್ ರ‍್ಯಾಂಕಿನ್ ಕೂಗಿದಳು.

ಡೂಗಲ್ ತಲೆಯೆತ್ತಲಿಲ್ಲ. ಹಸಿರು ಪಟ್ಟಿಯ ಟ್ರಾಮು ಇಳಿಜಾರಿನಲ್ಲಿ ಬರುತ್ತಿರುವುದು ಅವನಿಗೆ ಕಾಲಡಿಯ ನೆಲದ ನಡುಕದಲ್ಲೇ ಗೊತ್ತಾಗಿತ್ತು. ಸಲಾಕೆಯನ್ನು ಹಳಿಯ ಸಂದಿಗೆ ತೂರಿಸಿ ಮೀಟಿದ. ದಾರಿ ಕವಲೊಡೆಯುವಲ್ಲಿ ಹೊರಳುವ ಆ ತುಂಡು ಹಳಿಗೆ ಟ್ರಾಮಿನವರು ನಾಲಿಗೆ ಅನ್ನುತ್ತಾರೆ. ನಾಲಿಗೆ ಎಡಕ್ಕೆ ಹೊರಳಿತು. ದಾರಿ ಸರಿಯಿದೆ ಎಂದು ಕೈಯೆತ್ತಿದ. ಮುಂದೆ ನಿಂತು ಟ್ರಾಮು ಓಡಿಸುತ್ತಿದ್ದ ಅವನ ಹೆಂಡತಿ ಎಫಿ ಟೋಪಿಯ ಕೆಳಗಿಂದ ನಕ್ಕು, ಹಡಗುಕಟ್ಟೆಯ ಕಡೆಗೆ ತಿರುಗಿ ಹೋದಳು.

“ಒಂದು ಕುಲುಕಾಟ ಇಲ್ಲ ಕಣೋ. ನೀನು ಓಡಿಸ್ತಿದ್ದಾಗ ನನ್ನ ಬುಟ್ಟಿ ಮೀನೆಲ್ಲ ಪಕ್ಕದೋರ ತೊಡೆ ಮೇಲಿರ್ತಿತ್ತು!” ಎಂದಳು ಮೀನಿನಂಗಡಿಯವಳು.

ಡೂಗಲ್ ನಕ್ಕಂತೆ ಮಾಡಿದ.

ಆ ದಾರಿ ಯುದ್ಧಕ್ಕೆ ಮೊದಲು ಅವನದಾಗಿತ್ತು. ಹೋದ ವರ್ಷ ಡಂಕರ್ಕಿನ ಮರಳಿನಲ್ಲಿ ಎಡಗೈಯ ಮೂರು ಬೆರಳು ಬಿಟ್ಟು ಗ್ಲಾಸ್ಗೋಗೆ ಮರಳಿದ. ಟ್ರಾಮಿನ ಹಿಡಿ ತಿರುಗಿಸುವುದು ಎಡಗೈಯಿಂದ. ಡಿಪೋದವರು ಪಾಪ ಅಂದರು, ಟೀ ಕೊಟ್ಟರು, ಆಮೇಲೆ ಈ ಸಲಾಕೆ ಕೊಟ್ಟರು. ಗಂಡಸರೆಲ್ಲ ಸೈನ್ಯಕ್ಕೆ ಹೋಗಿ ಟ್ರಾಮುಗಳಿಗೆ ಆಳಿಲ್ಲದಂತಾದಾಗ ಎಫಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದಳು. ತೊಡುವ ಬಟ್ಟೆಗೂ ರೇಷನ್ ಕೂಪನ್ ಬಂದ ಬೇಸಿಗೆಯಲ್ಲಿ ಅವಳಿಗೆ ಓಡಿಸುವುದನ್ನು ಕಲಿಸಿದರು. ಎಲೆ ಉದುರುವ ಹೊತ್ತಿಗೆ ಅವನ ದಾರಿ ಅವಳದಾಗಿತ್ತು.

ಅವಳು ಇನ್ನೊಬ್ಬ ಗಂಡಸಿನ ಜೊತೆ ಹೋಗಿದ್ದರೆ ಅವನ ಮೂಗು ಒಡೆದು ಬರಬಹುದಿತ್ತು. ಒಂದು ಹಿತ್ತಾಳೆ ಹಿಡಿಯ ಮೇಲಿನ ಹೊಟ್ಟೆಕಿಚ್ಚನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಸಂಜೆ ಬಾರ್ಲಿ ಸೂಪು ಬಡಿಸುತ್ತ ಅವಳ ಮಾತು ನಿಲ್ಲುತ್ತಿರಲಿಲ್ಲ.

“ಚರ್ಚಿನ ತಿರುವಲ್ಲಿ ಒಂಚೂರು ಮೊದ್ಲೇ ಹಿಡಿ ಸಡಿಲ ಬಿಟ್ರೆ ತಾನಾಗೇ ಜಾರ್ಕೊಂಡು ಹೋಗತ್ತೆ ಕಣೋ. ಗೊತ್ತಿತ್ತಾ ನಿಂಗೆ?”

“ಗೊತ್ತಿಲ್ದೆ ಏನು?” ಎಂದ. ಅದು ತನಗೊಬ್ಬನಿಗೇ ಗೊತ್ತಿರುವ ಗುಟ್ಟು ಎಂದು ಅವನು ವರ್ಷಗಟ್ಟಲೆ ನಂಬಿದ್ದ. ಅವಳು ಬಟ್ಟಲು ಚಾಚಿದಾಗ ಅಂಗೈ ಕಂಡಿತು. ಹಿಂದೆ ತನ್ನ ಅಂಗೈ ಎಲ್ಲಿ ಜಡ್ಡುಗಟ್ಟಿತ್ತೋ ಅಲ್ಲೇ ಅವಳದೂ ಜಡ್ಡುಗಟ್ಟಿತ್ತು. ಅವನು ತನ್ನ ಎಡಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡ.

ನವೆಂಬರಿನ ಒಂದು ಬೆಳಿಗ್ಗೆ ಜಿಟಿಜಿಟಿ ಮಳೆ. ಆಗಷ್ಟೇ ಒಂದು ಟ್ರಾಮು ಬಲಕ್ಕೆ ಹೋಗಿತ್ತು, ನಾಲಿಗೆ ಬಲಕ್ಕೇ ಇತ್ತು. ಹಿಂದೆಯೇ ಎಫಿಯ ಟ್ರಾಮು ಬಂತು. ಅವಳ ಪಕ್ಕದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಪೆಟಿಗ್ರೂ ಅವಳ ಯಾವುದೋ ಮಾತಿಗೆ ತಲೆ ಹಿಂದೆ ಹಾಕಿ ನಗುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಡೂಗಲ್‌ನ ಮಾತಿಗೆ ನಕ್ಕವನಲ್ಲ ಅವನು.

ಸಲಾಕೆ ಡೂಗಲ್‌ನ ಹೆಗಲ ಮೇಲೇ ಉಳಿಯಿತು. ಕೈ ಮಾತ್ರ ಮೇಲೆದ್ದಿತು.

ಟ್ರಾಮು ಬಲಕ್ಕೆ ಹೊರಳಿ ಸ್ಮಶಾನದ ದಿಬ್ಬವೇರತೊಡಗಿದಾಗ ಒಳಗಿದ್ದವರು ಕೂಗಿಕೊಂಡರು.

“ಎಲ್ಲಿಗಮ್ಮಾ, ಸ್ಮಶಾನಕ್ಕಾ?”

“ಹೆಂಗಸ್ರ ಕೈಗೆ ಕೊಟ್ರೆ ಇನ್ನೇನಾಗತ್ತೆ!”

ಹಿಂದೆ ಎರಡು ಟ್ರಾಮುಗಳು ಸಿಕ್ಕಿಹಾಕಿಕೊಂಡವು. ಇಡೀ ಬೀದಿ ನೋಡುತ್ತಿರುವಾಗ ಎಫಿ ಟ್ರಾಮನ್ನು ಹಿಂದಕ್ಕೆ ತರಬೇಕಾಯಿತು. ಪೆಟಿಗ್ರೂ ಇಳಿದು ನೇರ ಡೂಗಲ್‌ನ ಮುಂದೆ ಬಂದು ನಿಂತ.

“ಕೈ ಎತ್ತಿದ್ಯಲ್ಲೋ, ನಾನೇ ನೋಡ್ದೆ. ನಾಲಿಗೆ ಯಾಕೆ ತಿರುಗಿಸ್ಲಿಲ್ಲ?”

ಡೂಗಲ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಎಫಿಯ ದನಿ ಬಂತು. “ಅವನದೇನಿಲ್ಲ ಸಾರ್. ಹಳಿ ನೋಡ್ಕೊಂಡು ಹೋಗೋದು ಓಡಿಸೋರ ಕೆಲ್ಸ. ನಾನು ನೋಡ್ಲಿಲ್ಲ.”

“ಮತ್ತೆ ಇವನು ಕೈ ಎತ್ತಿದ್ದು?”

“ನಂಗೆ ಕಾಣಿಸ್ಲಿಲ್ಲ,” ಎಂದು ಎಫಿ ಗಂಡನ ಮುಖವನ್ನೇ ನೋಡಿದಳು. ಕೆನ್ನೆ ಕೆಂಪಗಿದ್ದವು, ಕಣ್ಣು ಒಣಗಿದ್ದವು.

ಅವಳನ್ನು ಮತ್ತೆ ಟಿಕೆಟ್ ಕೊಡುವ ಕೆಲಸಕ್ಕೆ ಹಾಕಿದರು. ಆ ಸಂಜೆ ಅವಳು ಬಯ್ಯಲಿ ಎಂದು ಅವನು ಕಾದ. ಅವಳು ಆಲೂಗೆಡ್ಡೆ ತೊಳೆಯುತ್ತಿದ್ದಳು.

“ಕೈ ತುಂಬಾ ನೋಯ್ತಿತ್ತು ಎಫಿ. ಸಲಾಕೆ ಹಿಡಿಯೋಕ್ಕಾಗ್ಲಿಲ್ಲ.”

“ಎತ್ತೋಕ್ಕೆ ನೋಯ್ಲಿಲ್ವಾ?” ಎಂದಳು, ತಿರುಗದೆ.

ಅಲ್ಲಿಂದಾಚೆ ಊಟದ ಹೊತ್ತಿನಲ್ಲಿ ಚರ್ಚಿನ ತಿರುವಿನ ಮಾತಾಗಲಿ, ಜಾರುವ ಇಳಿಜಾರಿನ ಮಾತಾಗಲಿ ಬರಲಿಲ್ಲ. ಅವನೇ ಒಮ್ಮೆ ಕೇಳಿದಾಗ, “ಏನಿದೆ, ದಿನಾ ಇದ್ದಿದ್ದೇ,” ಎಂದು ರೇಡಿಯೋ ಹಾಕಿದಳು.

ಆಳಿನ ಕೊರತೆ ಹೆಚ್ಚಾಗಿ ಕ್ರಿಸ್‌ಮಸ್ಸಿಗೆ ಮೊದಲೇ ಅವಳನ್ನು ಮತ್ತೆ ಓಡಿಸಲು ಕರೆದರು. ಅಂದು ಬೆಳಿಗ್ಗೆ ಡೂಗಲ್ ಬೇಗ ಬಂದು ಹಳಿಯ ಸಂದಿಯ ಕೆಸರನ್ನೆಲ್ಲ ಸಲಾಕೆಯ ತುದಿಯಿಂದ ಕೆರೆದ. ಅವಳ ಟ್ರಾಮು ಇನ್ನೂ ದೂರವಿರುವಾಗಲೇ ನಾಲಿಗೆಯನ್ನು ಎಡಕ್ಕೆ ಮೀಟಿ, ಕೈಯನ್ನು ಆದಷ್ಟೂ ಮೇಲಕ್ಕೆತ್ತಿದ.

ಕವಲಿಗೆ ಒಂದು ಗಜ ಇರುವಾಗ ಟ್ರಾಮು ನಿಂತಿತು. ಟ್ರಾಮು ಬಿಟ್ಟಿಳಿಯುವ ಚಾಲಕರ ರೂಢಿಯಂತೆ ಎಫಿ ಹಿತ್ತಾಳೆಯ ಹಿಡಿಯನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡೇ ಇಳಿದಳು. ಅವನನ್ನು ದಾಟಿ ಹೋಗಿ, ಬಗ್ಗಿ, ನಾಲಿಗೆಯನ್ನು ನೋಡಿದಳು. ಬೂಟಿನ ತುದಿಯಿಂದ ಒತ್ತಿ ನೋಡಿದಳು.

“ಸರಿಯಾಗೇ ಇದೆ ಎಫಿ,” ಎಂದ ಮೆಲ್ಲಗೆ.

ಅವಳು ಮರಳಿ ಹತ್ತಿದಳು. ಟ್ರಾಮು ಎಡಕ್ಕೆ ತಿರುಗಿ ಹೋಯಿತು.

ಮಧ್ಯಾಹ್ನ ಮತ್ತೆ ಬಂದಳು. ಮತ್ತೆ ನಿಲ್ಲಿಸಿ ಇಳಿದಳು. ಕಿಟಕಿಗಳಿಗೆ ಬಾಂಬಿನ ಭಯಕ್ಕೆ ಅಂಟಿಸಿದ್ದ ಬಲೆಯ ಹಿಂದಿನಿಂದ ಜನ ಇಣುಕಿ ನೋಡುತ್ತಿದ್ದರು. ಅವಳು ಬಗ್ಗಿ ಹಳಿ ನೋಡುವಷ್ಟು ಹೊತ್ತೂ ಡೂಗಲ್ ಸಲಾಕೆ ಹಿಡಿದು, ದಾರಿ ಬಿಟ್ಟು, ಪಕ್ಕಕ್ಕೆ ಸರಿದು ನಿಂತ.