ನಡುವಿನ ಚುಕ್ಕಿ

ಇಟ್ಟಿಗೆಗಳು ಬಾಗುತ್ತಿರಲಿಲ್ಲ. ಸಹನ ಮೂರನೆಯ ಸಲ ಆ ದುಂಡು ದಾರಿಯೊಳಗೆ ಇಟ್ಟಿಗೆಯ ವಿನ್ಯಾಸ ತುಂಬಿಸಿದಳು. ಮೂರನೆಯ ಸಲವೂ ಕಂಪ್ಯೂಟರ್ ನೇರ ಸಾಲುಗಳನ್ನೇ ಹಾಸಿ, ತಿರುವು ಬಂದಲ್ಲೆಲ್ಲ ಇಟ್ಟಿಗೆಯನ್ನು ಅರ್ಧಕ್ಕೆ, ಕಾಲಿಗೆ, ಬೆರಳಗಲದ ಚೂರಿಗೆ ಕತ್ತರಿಸಿಬಿಟ್ಟಿತು. ಹೀಗೆ ಹಾಸಿದರೆ ಅಂಚಿನ ಚೂರುಗಳು ಮೊದಲ ಮಳೆಗೇ ಎದ್ದು ಬರುತ್ತವೆ, ಕಾಲಿಗೆ ಎಡವುತ್ತವೆ. ಈ ದಾರಿಯಲ್ಲಿ ನಡೆಯಬೇಕಾದವರು ಆಗಲೇ ಒಮ್ಮೆ ಕೆಸರಿನಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದರು.

ರಾಬರ್ಟ್‌ಸನ್‌ಪೇಟೆಯ ಬೇಕರಿಯೊಂದರ ಮೇಲಿನ ಆ ಆಫೀಸಿನಲ್ಲಿ ನಕ್ಷೆ ಬರೆಯುವ ಕಂಪ್ಯೂಟರ್‌ಗಳು ಎರಡೇ. ಕಿಟಕಿಯ ಪಕ್ಕದ್ದು ಭಾನುಪ್ರಿಯಳದು. ಒಂಬತ್ತು ತಿಂಗಳಿಂದ ಅದರ ಮೇಲೆ ಒಂದು ಹಳೆಯ ಟವೆಲು ಮುಚ್ಚಿತ್ತು.

ಬಾಗಿದ ದಾರಿಗೆ ಇಟ್ಟಿಗೆ ಕೂರಿಸುವುದನ್ನು ಸಹನಳಿಗೆ ಕಲಿಸಿದ್ದು ಅವಳೇ. "ತುಂಬಿಸ್ಬೇಡ ಕಣೇ. ಒಂದೇ ಒಂದು ಇಟ್ಟಿಗೆ ಬರ್ಕೊ. ಆಮೇಲೆ ಅದನ್ನ ದಾರಿ ಉದ್ದಕ್ಕೂ ನಡಸ್ಕೊಂಡು ಓಗು. ದಾರಿ ಎಂಗ್ ತಿರುಗ್ತದೋ ಅದೂ ಅಂಗೇ ತಿರುಗ್ತದೆ."

ಆದರೆ ಅದಕ್ಕೆ ಮೊದಲು ದಾರಿಯ ಗೆರೆ ಬೇಕು. ಗೆರೆ ಬೇಕೆಂದರೆ ಜಾಗಕ್ಕೆ ಹೋಗಿ ಅಳೆಯಬೇಕು. ಬೇತಮಂಗಲದಾಚೆಯ ಆ ಹೊಲಕ್ಕೆ ಹೋಗುವುದು ಸಹನಳಿಂದ ಆಗುತ್ತಿರಲಿಲ್ಲ. ಭಾನುವಿನ ತಂದೆ ಮುನಿಸ್ವಾಮಪ್ಪ ನೋಟ್‌ಬುಕ್ ಹಾಳೆಯಲ್ಲಿ ಗೀಚಿಕೊಟ್ಟ ಚಿತ್ರವೊಂದು ಅವಳ ಮುಂದಿತ್ತು. ಮನೆಯ ಹಿತ್ತಿಲ ಬಾಗಿಲು, ಅಲ್ಲಿಂದ ಹೊಂಗೆ ಮರದವರೆಗೆ ಒಂದು ಗೆರೆ, ಮರದ ಪಕ್ಕ ಒಂದು ಸುತ್ತು, ಸುತ್ತಿನ ನಡುವೆ ಉದ್ದನೆಯ ಪುಟ್ಟ ಚೌಕ. ಚೌಕದ ಪಕ್ಕದಲ್ಲಿ ಅವರು ಏನೂ ಬರೆದಿರಲಿಲ್ಲ. ಮದುವೆಯಾಗದ ಮಗಳನ್ನು ಸುಡಬಾರದೆಂದು ಸ್ವಂತ ಹೊಲದಲ್ಲೇ ಮಣ್ಣು ಮಾಡಿದ್ದರು. ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅವಳ ತಾಯಿ ಅಲ್ಲಿಗೆ ಹೋಗಿ ಸುತ್ತು ಬರುತ್ತಾರೆ, ಬೇಡವೆಂದರೆ ಕೇಳುವುದಿಲ್ಲ, ಒಂದು ಗಟ್ಟಿ ದಾರಿಯಾದರೂ ಆಗಲಿ ಎಂದು ಅವರು ಆಫೀಸಿನ ಯಜಮಾನ ಶ್ರೀಧರ್ ಸರ್ ಹತ್ತಿರ ಹೇಳಿಹೋಗಿದ್ದರು.

ಸಹನ ಸುಲಭದ ರೀತಿಯನ್ನು ಹಿಡಿದಳು. ನಡುವೆ ಒಂದು ಚುಕ್ಕಿ ಒತ್ತಿ, ಎಷ್ಟು ಇಟ್ಟಿಗೆ ಎಂದು ಹೇಳಿದರೆ ಸಾಕು. ಒಂದೇ ಇಟ್ಟಿಗೆ ಆ ಚುಕ್ಕಿಯ ಸುತ್ತ ತಾನೇ ತಿರುಗಿ ಸುತ್ತು ಮುಗಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ತೆರೆಯ ಮೇಲೆ ದಾರಿ ಅರಳಿತು. ಒಂದೂ ಇಟ್ಟಿಗೆ ಮುರಿದಿರಲಿಲ್ಲ. ಒಳಗಡೆ ಒಂದಕ್ಕೊಂದು ತಾಗಿಕೊಂಡಿದ್ದವು, ಹೊರಗಡೆ ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡಿದ್ದವು. ಉದ್ದನೆಯ ಆ ಚೌಕವನ್ನು ಮಾತ್ರ ಅವಳು ಬರೆಯಲಿಲ್ಲ. ಕೈ ಬರಲಿಲ್ಲ. ಚುಕ್ಕಿಯ ಪಕ್ಕ 'ಇಲ್ಲಿಂದ ಐದು ಅಡಿ' ಎಂದು ಬರೆದು ಪ್ರಿಂಟ್ ತೆಗೆದಳು.

ನಾಲ್ಕನೆಯ ದಿನ ಕೋದಂಡಪ್ಪನ ಫೋನ್ ಬಂತು. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ಗಾರೆ ಮೇಸ್ತ್ರಿ ಅವನು. ಆಫೀಸಿನ ಕೆಲಸಗಳನ್ನೆಲ್ಲ ಅವನೇ ಮಾಡುತ್ತಿದ್ದ.

"ಮೇಡಮ್ಮೋರೇ, ಕೆಲ್ಸ ನಿಂತೋಯ್ತು. ಆಯಮ್ಮ ಗೂಟ ಕಿತ್ತು ಮಡ್ಲಲ್ಲಿ ಇಟ್ಕೊಂಡು ಕುಂತವ್ರೆ. ಗಂಡ ಕರುದ್ರೂ ಏಳಲ್ಲ, ಸಾರ್ ಫೋನ್ ಮಾಡುದ್ರೂ ತಗೊಳಲ್ಲ."

"ಯಾವ ಗೂಟ, ಕೋದಂಡಣ್ಣ?"

"ನೀವ್ ಇಟ್ಟಿದ್ದೇ. ಪೇಪರಲ್ಲಿ ನಡುವೆ ಚುಕ್ಕಿ ಇಟ್ಟು ಇಲ್ಲಿಂದ ಐದಡಿ ಅಂತ ಬರ್ದಿದೀರಲ್ಲ. ದಾರ ಸುತ್ತಕ್ಕೆ ಅಲ್ಲಿ ಗೂಟ ಒಡ್ದೆ. ಮಣ್ಣು ಕೂತು ಮಟ್ಟ ಆಗಿತ್ತು. ಕಲ್ಲೂ ನೆಟ್ಟಿಲ್ಲ. ಚೆಂಡುಹೂವಿನ ಗಿಡ ಇದ್ವು, ಪಾತಿ ಅಂದ್ಕೊಂಡೆ. ಎರಡೇ ಏಟು ಬಿದ್ದಿದ್ದು."

ಸಹನ ನಕ್ಷೆಯನ್ನು ತೆರೆದಳು. ಕಪ್ಪು ತೆರೆಯ ಮೇಲೆ, ಇಟ್ಟಿಗೆಯ ಸುತ್ತಿನ ನಡುವೆ ಆ ಚುಕ್ಕಿ ಒಂದೇ ಇತ್ತು. ಅದರ ಅಡಿಯಲ್ಲಿ ಏನೂ ಇರಲಿಲ್ಲ.

ಬೇತಮಂಗಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಫೆಬ್ರವರಿಯ ಆ ದಿನ ಇದೇ ಬಸ್ಸಿನಲ್ಲಿ ಭಾನು ಜ್ವರ ಹೊತ್ತು ಬಂದಿದ್ದಳು. ಹಿಂದಿನ ದಿನ ಫೋನಿನಲ್ಲಿ ಅವಳು, ಒಂದು ನಕ್ಷೆ ಮುಗಿಸಿಕೊಡ್ತೀಯಾ ಎಂದು ಕೇಳಿದಾಗ, "ಜ್ವರ ಜ್ವರ ಅಂತ ಎಷ್ಟ್ ದಿನ ತಳ್ತೀಯ? ಸರ್ ನನ್ನ ಕೇಳ್ತಾರೆ" ಎಂದುಬಿಟ್ಟಿದ್ದಳು ಸಹನ. ಮಾರನೆಯ ದಿನ ಭಾನು ಬಂದು ಸಂಜೆಯವರೆಗೂ ಕೂತು ಮುಗಿಸಿಕೊಟ್ಟಳು. ಆಮೇಲೆ ಕೋಲಾರದ ಆಸ್ಪತ್ರೆ, ಆರು ದಿನ. ಮಣ್ಣು ಮಾಡಿದ ಮೂರನೆಯ ದಿನದ ಹಾಲುತುಪ್ಪಕ್ಕೆ ಬಂದಾಗಲೂ ಸಹನ ಬದುವಿನ ಮೇಲೆಯೇ ನಿಂತು ಹೊರಟುಹೋಗಿದ್ದಳು. ಆ ಫೋನಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ರಾಗಿ ಕೊಯ್ದಾಗಿತ್ತು. ಕೂಳೆಯ ನಡುವೆ ಹೊಂಗೆ ಮರದ ನೆರಳು, ಅದರಾಚೆ ಹೊಸ ಇಟ್ಟಿಗೆಯ ರಾಶಿ. ಭಾನುವಿನ ತಾಯಿ ಮುನಿನಾರಾಯಣಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಕಬ್ಬಿಣದ ಗೂಟ. ಅದರ ತುದಿಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ ಒರೆಸಿ ಗೂಟ ಹೊಳೆಯುತ್ತಿತ್ತು.

"ಬಂದ್ಯಾ," ಎಂದರು, ತಲೆ ಎತ್ತದೆ. "ಒಂಬತ್ತು ತಿಂಗ್ಳಿಗೆ ದಾರಿ ಕಾಣ್ತು."

"ನಂದೇ ತಪ್ಪಮ್ಮ. ಅಲ್ಲಿ ಚುಕ್ಕಿ ಇಟ್ಟೋಳು ನಾನು. ಕೋದಂಡಣ್ಣನಿಗೆ ಗೊತ್ತಿರ್ಲಿಲ್ಲ."

"ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಗೂಟವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಮುರಿದ ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ದೂರದಲ್ಲಿ ಮುನಿಸ್ವಾಮಪ್ಪ ಹಸುವಿನ ಹಗ್ಗ ಹಿಡಿದು ನಿಂತಿದ್ದರು, ಬರಲೋ ಬೇಡವೋ ಎಂಬಂತೆ.

"ಒಂದ್ ಕೇಳ್ಬೇಕು ಅಂತಿದ್ದೆ ನಿನ್ನ," ಎಂದರು ಮುನಿನಾರಾಯಣಮ್ಮ. "ಕಡೇ ದಿನ ಆಫೀಸ್ಗೆ ಬಂದಿದ್ಲಲ್ಲ, ಮಧ್ಯಾಹ್ನ ಉಂಡ್ಲಾ ಅವ್ಳು? ಡಬ್ಬಿ ಕಟ್ಟಿದ್ದು ಕಟ್ದಂಗೇ ಬಂದಿತ್ತು. ಕೆಳ್ಗಡೆ ಬೇಕರೀಲಿ ಏನಾರ ತಿಂದ್ಲೇನೋ ಅಂತ ಅಂದ್ಕೊಂಡು ಅಂದ್ಕೊಂಡು ಇದೀನಿ."

ತಿಂದಳು ಎನ್ನಬಹುದಿತ್ತು. ಬನ್ ತಿಂದು ಟೀ ಕುಡಿದಳು ಎಂದರೆ ಯಾರೂ ಪರೀಕ್ಷಿಸುವವರಿರಲಿಲ್ಲ. ಸಹನ ಗೂಟವನ್ನೇ ನೋಡುತ್ತ ನಿಂತಳು.

"ಇಲ್ಲಮ್ಮ. ಏನೂ ತಿನ್ನಲಿಲ್ಲ. ನಾನು ಕೇಳ್ಲೂ ಇಲ್ಲ. ಅವತ್ತು ಬರೋ ಹಾಗೆ ಮಾಡಿದ್ದೂ ನಾನೇ. ಫೋನಲ್ಲಿ ಬೈದೆ."

ಹೊಂಗೆಯ ಒಣ ಕಾಯೊಂದು ಇಟ್ಟಿಗೆಯ ಮೇಲೆ ಬಿದ್ದು ಸದ್ದಾಯಿತು. ಕೋದಂಡಪ್ಪ ಬೀಡಿ ಹಚ್ಚಲು ತೆಗೆದವನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಮುನಿನಾರಾಯಣಮ್ಮ, "ಆಫೀಸಿಂದ ಫೋನ್ ಅಂದ್ಲು," ಎಂದರು. "ಓಗ್ಬಾ, ಇದ್ದ ಕೆಲ್ಸ ಕಳ್ಕೊಂಡೀಯ ಅಂತ ನಾನೇ ಎಬ್ಬಿಸ್ದೆ. ಮೈ ಸುಡ್ತಿತ್ತು. ಜಡೆ ಹಾಕುವಾಗ ಕತ್ತು ಮುಟ್ಟಿ ನೋಡ್ದೆ, ನಂಗ್ ಗೊತ್ತಿತ್ತು."



ಆಮೇಲೆ ಸಹನಳಿಗೆ ಅದು ಕಂಡಿತು. ಚೆಂಡುಹೂವಿನ ಗಿಡಗಳ ಸುತ್ತ ಹುಲ್ಲು ಸವೆದು ಒಂದು ಗೆರೆ ಆಗಿತ್ತು. ಒಂದಡಿ ಅಗಲದ ಕೆಂಪು ಗೆರೆ. ದುಂಡಗಿರಲಿಲ್ಲ ಅದು. ಮರದ ಬೇರು ಎದ್ದಿದ್ದಲ್ಲಿ ಹೊರಗೆ ಸರಿದಿತ್ತು, ಭಾನುವಿನ ಕಾಲಿನ ಕಡೆ ಒಳಗೆ ಬಂದಿತ್ತು, ತಲೆಯ ಕಡೆ ಒಂದೆಡೆ ಅಗಲವಾಗಿ, ಯಾರೋ ದಿನಾ ನಿಂತು ನಿಂತು ತಗ್ಗಾದಂತೆ ಇತ್ತು.

"ಅಮ್ಮ, ನೀವು ದಿನಾ ಸುತ್ತೋ ಹಾಗೆ ಒಂದ್ಸಲ ಸುತ್ತಿ."

"ಯಾತಕ್ಕೆ?"

"ಗೂಟ ಬೇಡ. ನೀವು ನಡೆದ ದಾರೀನೇ ಅಳ್ಕೊಂಡು ಹೋಗ್ತೀನಿ."

ಅವರು ನಂಬಿದಂತೆ ಕಾಣಲಿಲ್ಲ. ಕೋದಂಡಪ್ಪ ಮುಂದೆ ಬಂದ. "ಆಗ್ತದಮ್ಮ. ಗಣೀಲಿ ಶಾಫ್ಟ್ ಗೋಡೆಗೆ ಗುಂಡಗೆ ಇಟ್ಟಿಗೆ ಕಟ್ತಿದ್ದೋನು ನಾನು. ಅಲ್ಲೇನು ನಡುಮಧ್ಯ ಗೂಟ ಒಡೀತಿದ್ವಾ? ನಡುವೆ ಇದ್ದಿದ್ದು ಬರೀ ಗಾಳಿ. ಈ ಇಂಜಿನಿಯರಮ್ಮ ಪೇಪರಲ್ಲಿ ಇಟ್ಲು ಅಂತ ನಾನೂ ಬುದ್ಧಿ ಬಿಟ್ಟು ಒಡ್ದೆ."

ಮುನಿನಾರಾಯಣಮ್ಮ ಗೂಟವನ್ನು ಅವನ ಕೈಗೆ ಕೊಟ್ಟು, ಕೋಲೂರಿ ಎದ್ದರು. ಸುತ್ತಿನ ಹೊರಗೆ, ಮರದಾಚೆ, ಸಹನ ಉದ್ದಕ್ಕೆ ಒಂದು ದಾರ ಎಳೆಸಿದಳು. ಅಡಿ ಅಡಿಗೂ ಆ ದಾರದಿಂದ ಅವರ ಹೆಜ್ಜೆಯವರೆಗೆ ಟೇಪು ಹಿಡಿದು ಬರೆದುಕೊಂಡಳು. ಟೇಪಿನ ಇನ್ನೊಂದು ತುದಿ ಕೋದಂಡಪ್ಪನ ಕೈಯಲ್ಲಿತ್ತು. ಒಮ್ಮೆಯೂ ಅವರಿಬ್ಬರೂ ಆ ಗೆರೆಯೊಳಗೆ ಕಾಲಿಡಲಿಲ್ಲ.

ಮರುದಿನ ಆಫೀಸಿನಲ್ಲಿ ಅವಳು ಕಿಟಕಿ ಪಕ್ಕದ ಕಂಪ್ಯೂಟರಿನ ಟವೆಲು ತೆಗೆದು ಮಡಚಿಟ್ಟಳು. ಮೊದಲು ಉದ್ದನೆಯ ಚೌಕ ಬರೆದಳು, ಆರು ಅಡಿ, ಎರಡೂವರೆ ಅಡಿ. ಆಮೇಲೆ ಅಳತೆಯ ಬಿಂದುಗಳನ್ನು ಒಂದೊಂದಾಗಿ ಇಟ್ಟು ಗೆರೆ ಸೇರಿಸಿದಳು. ಆಮೇಲೆ ಒಂದು ಇಟ್ಟಿಗೆ. ಅದನ್ನು ಗೆರೆಯ ಉದ್ದಕ್ಕೂ ನಡೆಸಿಕೊಂಡು ಹೋದಳು. ಬೇರಿನ ಹತ್ತಿರ ಇಟ್ಟಿಗೆಗಳು ಹೊರಗೆ ಸರಿದವು, ಕಾಲಿನ ಕಡೆ ಒತ್ತಿಕೊಂಡವು. ತಲೆಯ ಕಡೆ ಒಂದರ ಪಕ್ಕ ಇನ್ನೊಂದು ಸಾಲು ಸೇರಿಸಿ ಅಗಲ ಮಾಡಿದಳು. ಮಧ್ಯಾಹ್ನ ಊಟದ ಹೊತ್ತಾದದ್ದು ಅವಳಿಗೆ ತಿಳಿಯಲಿಲ್ಲ.

ದಾರಿ ಮುಗಿದ ಮೇಲೆ ಒಂದು ಭಾನುವಾರ ಹೋದಳು. ಬೆಳಿಗ್ಗೆ ಒಂಬತ್ತರ ಬಿಸಿಲು. ಮುನಿನಾರಾಯಣಮ್ಮ ಕೋಲಿಲ್ಲದೆ ಸುತ್ತು ಬರುತ್ತಿದ್ದರು, ನೆಲ ನೋಡದೆ. ಕೋದಂಡಪ್ಪ ಸಂದುಗಳಿಗೆ ತುಂಬಿದ ಮರಳು ಅವರ ಅಂಗಾಲಿಗೆ ಅಂಟಿಕೊಂಡು ಬೀಳುತ್ತಿತ್ತು.

ಸಹನ ಬದುವಿನ ಮೇಲೆ ನಿಂತಳು, ಹಾಲುತುಪ್ಪದ ದಿನ ನಿಂತಿದ್ದಲ್ಲೇ.

ಎರಡನೆಯ ಸುತ್ತಿನಲ್ಲಿ ಅವರು ತಲೆಯ ಕಡೆಯ ಅಗಲದ ಜಾಗಕ್ಕೆ ಬಂದು ನಿಂತರು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು.

ಸಹನ ಬದು ಇಳಿದು ಬಂದು ಇಟ್ಟಿಗೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಇಟ್ಟಿಗೆ ಆಗಲೇ ಬೆಚ್ಚಗಾಗಿತ್ತು.